ಖರೇ ಫೋನು, ಸುಳ್ಳು ಫೋನು

ನಮ್ಮ ಮನೆಯವರ ಹೃದಯಕ್ಕೆ ಸ್ಟೆಂಟ್ ಹಾಕಿಸಲು ಸತ್ತೂರಿನ ದವಾಖಾನೆಗೆ ಹೋದ ದಿನ ನನ್ನ ಬ್ಯಾಗಿನಲ್ಲಿ ನೋಟುಗಳಿದ್ದವು. ಈಗ ನೋಟು ಇಟ್ಟುಕೊಂಡು ಓಡಾಡುವವರು ಯಾರು? ಗೋಪನಕೊಪ್ಪದ ನಮ್ಮ ಓಣಿಗೆ ಬುಟ್ಟಿ ಹೊತ್ತು ಬರುವ ಕಾಯಿಪಲ್ಲೆಯಾಕೆಯೂ ಬುಟ್ಟಿಯ ಅಂಚಿಗೆ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿಕೊಂಡಿದ್ದಾಳೆ. ಆದರೆ ದವಾಖಾನೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಏನು ಗತಿ ಎಂದು ನನಗೆ ದಿಗಿಲು. ದಾರಿಯಲ್ಲಿ ಆಟೊ ನಿಲ್ಲಿಸಿ ಎಟಿಎಂನಿಂದ ತೆಗೆದುಕೊಂಡಿದ್ದೆ. ಅಲ್ಲಿಗೆ ಹೋದ ಮೇಲೆ ನೋಡಿದರೆ ಇವರ ರೈಲ್ವೆ ಕಾರ್ಡಿನಲ್ಲಿಯೇ ಎಲ್ಲವೂ ಆಗಿಹೋಯಿತು. ಇವರು ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು ನಿವೃತ್ತರಾದವರು. ನಾನು ಹುಬ್ಬಳ್ಳಿಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ.

ಇವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ನನ್ನ ಪಕ್ಕದಲ್ಲಿ ಒಬ್ಬ ಗಂಡಸು. ಮೂವತ್ತೈದರ ಆಸುಪಾಸು, ಗಡ್ಡ ಬೋಳಿಸಿಲ್ಲ, ನಿದ್ದೆಗೆಟ್ಟ ಕಣ್ಣು. ದವಾಖಾನೆಯಲ್ಲಿ ಎಲ್ಲರೂ ಹಾಗೆಯೇ ಇರುತ್ತಾರೆ. ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುವುದನ್ನು ನೋಡಿ ಅವನೇ ಮಾತಾಡಿಸಿದ.

"ಗಾಬರಿ ಆಗಬ್ಯಾಡ್ರಿ ಅಕ್ಕಾರ. ಈಗ ಸ್ಟೆಂಟ್ ಅಂದ್ರ ಏನೂ ಇಲ್ಲ. ನಮ್ಮ ಮಾವಗೂ ಇಲ್ಲೇ ಹಾಕಿದ್ರು. ಮೂರ ದಿನಕ್ಕ ಎದ್ದು ಹೊಲಕ್ಕ ಹ್ವಾದ."

ಕೆಳಗೆ ಹೋಗಿ ನನಗೂ ಒಂದು ಚಹಾ ತಂದುಕೊಟ್ಟ. ರೊಕ್ಕ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಹೆಂಡತಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿದೆ, ಕೂಸು ಗಾಜಿನ ಪೆಟ್ಟಿಗೆಯಲ್ಲಿದೆ ಎಂದು ಹೇಳಿದ. ಹೆಣ್ಣು ಕೂಸು ಎಂದಾಗ ಅವನ ಮುಖ ಅರಳಿತು. ಅದನ್ನು ನಾನು ಕಣ್ಣಾರೆ ನೋಡಿದೆ. ಅದಕ್ಕೇ ಇವತ್ತಿಗೂ ನನಗೆ ಏನು ನಂಬಬೇಕೋ ತಿಳಿಯುವುದಿಲ್ಲ.

ಡಾಕ್ಟರು ಹೊರಗೆ ಬಂದು ಎಲ್ಲ ಸುಸೂತ್ರ ಆಯಿತು ಎಂದು ಹೇಳಿಹೋದ ಸ್ವಲ್ಪ ಹೊತ್ತಿಗೆ ಆ ಮನುಷ್ಯ ಓಡುತ್ತ ಬಂದ.

"ಅಕ್ಕಾರ, ಒಂದು ಉಪಕಾರ ಮಾಡ್ತೀರೇನ್ರಿ?"

"ಏನಾತಪಾ?"

"ಕೂಸಿನ್ನ ಬೆಳಗಾವಿಗೆ ಒಯ್ಯಾಕ ಹತ್ತೇವ್ರಿ. ಹೊರಗಿನ ಆಂಬುಲೆನ್ಸಿನಾಂವ ಕೈಯಾಗ ರೊಕ್ಕ ಕೊಟ್ರನ ಗಾಡಿ ತಗೀತೇನಿ ಅಂತಾನ. ಕೆಳಗ ಎಟಿಎಂನ್ಯಾಗ ರೊಕ್ಕ ಖಾಲಿ ಆಗೇತಿ. ನಮ್ಮ ತಮ್ಮಗ ಹೇಳಿ ನಿಮ್ಮ ಫೋನಿಗೆ ಹಾಕಸ್ತೇನ್ರಿ. ನಿಮ್ಮ ಕಡೆ ನಗದು ಇದ್ರ ಅಷ್ಟು ಕೊಡ್ರಿ, ನಿಮ್ಮ ಪಾದ ಹಿಡೀತೇನಿ."

ನಾನು ದಡ್ಡಿಯೇನಲ್ಲ. ಮೊದಲು ಹಣ ಬರಲಿ ಎಂದೆ. ಅವನು ನನ್ನ ಫೋನಿನ ಸ್ಕ್ಯಾನ್ ಚೌಕದ ಫೋಟೊ ತೆಗೆದು ಯಾರಿಗೋ ಕಳಿಸಿ, "ಲಗೂನ ಹಾಕಪಾ" ಎಂದು ಫೋನಿನಲ್ಲಿ ಕೂಗಿದ. ಹಣ ಬಂತು. ಬ್ಯಾಂಕಿನ ಸಂದೇಶವನ್ನೂ ನೋಡಿದೆ. ಆಮೇಲೆಯೇ ನೋಟು ಕೊಟ್ಟೆ. ಅವನು ನಿಜವಾಗಿಯೂ ನನ್ನ ಪಾದ ಮುಟ್ಟಿ ಮೆಟ್ಟಿಲು ಇಳಿದು ಓಡಿದ. ಇವರ ಜೀವ ಉಳಿದ ದಿನವೇ ಇನ್ನೊಂದು ಜೀವಕ್ಕೂ ನೆರವಾದೆ ಎಂದು ನನ್ನ ಮನಸ್ಸು ತಣ್ಣಗಾಯಿತು.

ಇವರು ಮನೆಗೆ ಬಂದರು. ಉಪ್ಪು ಕಡಿಮೆ, ಎಣ್ಣೆ ಇಲ್ಲವೇ ಇಲ್ಲ ಎನ್ನುವಷ್ಟು. ಸಿಟ್ಟು ಬರಬಾರದು, ಗಾಬರಿ ಆಗಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ನಾನು ಮನೆಯ ಕರೆಗಂಟೆಯ ಸದ್ದನ್ನು ಕೂಡ ಕಡಿಮೆ ಮಾಡಿಸಿದೆ.

ಅಷ್ಟರಲ್ಲಿ ಒಂದು ದಿನ ಶಾಲೆಯ ಬಿಡುವಿನ ವೇಳೆಯಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು. ಆ ಕಡೆ ಒರಟು ಹಿಂದಿ. ತಾನು ಪೊಲೀಸು, ದೂರದ ಒಂದು ರಾಜ್ಯದ ಸೈಬರ್ ವಿಭಾಗದವನು, ನಿಮ್ಮ ಖಾತೆಗೆ ಬಂದ ಹಣದ ಬಗ್ಗೆ ಕೇಳಬೇಕು ಎಂದ. ನನಗೆ ಇಂಥದ್ದು ಗೊತ್ತಿತ್ತು. ಆ ವಾರವಷ್ಟೇ ಮಕ್ಕಳಿಗೆ ಆನ್‌ಲೈನ್ ಮೋಸದ ಬಗ್ಗೆ ನಾನೇ ಪಾಠ ಮಾಡಿದ್ದೆ. ಪೊಲೀಸರು ಫೋನಿನಲ್ಲಿ ಹೆದರಿಸುವುದಿಲ್ಲ, ಹಾಗೆ ಯಾರಾದರೂ ಹೇಳಿದರೆ ಅದು ಸುಳ್ಳು, ಕಟ್ ಮಾಡಿ ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಹಾಗೆಯೇ ಮಾಡಿದೆ. ಕಟ್ ಮಾಡಿ ಆ ನಂಬರನ್ನು ಬ್ಲಾಕ್ ಕೂಡ ಮಾಡಿದೆ. ಮುಂದಿನ ಪೀರಿಯಡ್‌ನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಹೇಳಿದೆ. ಅವರು ಚಪ್ಪಾಳೆ ತಟ್ಟಿದರು.

ಆಮೇಲೆ ಒಂದು ಸಂಜೆ ಇವರ ಗುಳಿಗೆ ತರಲು ಓಣಿಯ ತುದಿಯ ಔಷಧಿ ಅಂಗಡಿಗೆ ಹೋದೆ. ಸ್ಕ್ಯಾನ್ ಮಾಡಿದರೆ ಕೆಂಪು ಗುರುತು. ಮತ್ತೆ ಮಾಡಿದೆ, ಮತ್ತೆ ಕೆಂಪು.

"ಸರ್ವರ್ ಇರಬೇಕ್ರಿ ಮೇಡಂ. ನಾಳೆ ಕೊಡ್ರಿ, ಗುಳಿಗಿ ಒಯ್ರಿ" ಎಂದ ಅಂಗಡಿಯವನು.

ಹಿಂದೆ ನಿಂತಿದ್ದವನು ಸ್ಕ್ಯಾನ್ ಮಾಡಿದ. ಅಂಗಡಿಯ ಡಬ್ಬಿ ಹಣ ಬಂತೆಂದು ಸ್ಪಷ್ಟವಾಗಿ ಕೂಗಿ ಹೇಳಿತು. ಸರ್ವರ್ ಸರಿಯಾಗಿತ್ತು. ನನ್ನದು ಮಾತ್ರ ಸರಿಯಿರಲಿಲ್ಲ.

ಮರುದಿನ ಅರ್ಧ ರಜೆ ಹಾಕಿ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ನಂಬರು ಒತ್ತಿ, ಪರದೆ ನೋಡಿ, ಸುತ್ತಮುತ್ತ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ದನಿ ತಗ್ಗಿಸಿ ಮಾತಾಡಿದಳು.

"ಮೇಡಂ, ನಿಮ್ಮ ಖಾತೆ ಬಂದ್ ಮಾಡ್ಯಾರ್ರಿ. ಹೊರಗಿನ ರಾಜ್ಯದ ಸೈಬರ್ ಪೊಲೀಸ್ರು."

"ಯಾಕ್ರಿ? ನಾ ಏನ ಮಾಡೇನಿ?"

"ಯಾರದೋ ಮೋಸದ ರೊಕ್ಕ ನಿಮ್ಮ ಖಾತೆಗೆ ಬಂದೇತಂತ. ನಮಗೂ ಇಷ್ಟ ಕಾಣತೈತ್ರಿ. ನೀವು ಅವರನ್ನಽ ಕೇಳಬೇಕು."

"ಅವರನ್ನ ಅಂದ್ರ?"

"ಆ ರಾಜ್ಯಕ್ಕ ಹೋಗಿ, ಇಲ್ಲಾ ಫೋನ್ ಮಾಡಿ. ಅವರು ತಗೀರಿ ಅನ್ನೂತನಕ ನಾವು ಏನೂ ಮಾಡಾಕ ಬರೂದಿಲ್ರಿ."

ನನಗೆ ಥಟ್ಟನೆ ಸತ್ತೂರಿನ ಬೆಂಚು ನೆನಪಾಯಿತು. ಚಹಾ ನೆನಪಾಯಿತು. ನನ್ನ ಪಾದ ಮುಟ್ಟಿದ ಆ ಕೈ ನೆನಪಾಯಿತು. ಕುರ್ಚಿಯ ಹಿಡಿಕೆ ಹಿಡಿದುಕೊಂಡೆ. ಹುಡುಗಿ ನೀರು ಕೊಟ್ಟಳು. ಒಳ್ಳೆಯ ಹುಡುಗಿ. ಆದರೆ ನೀರು ಕೊಡುವಾಗ ಆಕೆಯೂ ನನ್ನನ್ನು ಬೇರೆ ಕಣ್ಣಿನಿಂದ ನೋಡಿದಳು ಎಂದೇ ನನಗೆ ಅನಿಸಿತು.

ಸಂಬಳ ಬರುವುದು ಅದೇ ಖಾತೆಗೆ. ಬರುತ್ತದೆ, ಆದರೆ ಹೊರಗೆ ತೆಗೆಯುವಂತಿಲ್ಲ. ಅದು ದೊಡ್ಡ ಚಿಂತೆಯಲ್ಲ, ಇವರ ಪೆನ್ಶನ್ ಇತ್ತು. ನನ್ನನ್ನು ಹಿಂಡಿದ್ದು ಬೇರೆ ಹೆದರಿಕೆ. ಸರಕಾರಿ ನೌಕರರ ಮೇಲೆ ಪೊಲೀಸ್ ಕೇಸು ಎಂದರೆ ಇಲಾಖೆಗೆ ಗೊತ್ತಾಗುತ್ತದೆ. ಅಮಾನತು ಎನ್ನುವ ಶಬ್ದ ಸ್ಟಾಫ್ ರೂಮಿನಲ್ಲಿ ಎಷ್ಟು ಬೇಗ ಹರಡುತ್ತದೆ ಎಂದು ನನಗೆ ಗೊತ್ತಿದೆ.

ಅದಕ್ಕಿಂತ ಹಳೆಯದೊಂದು ಭಯವೂ ಇತ್ತು. ನಮ್ಮ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ನಾವು ಚಿಕ್ಕವರಿದ್ದಾಗ ಬಾಡಿಗೆಗಿದ್ದ ಓಣಿಯಲ್ಲಿ ಯಾರ ಮನೆಯ ತಾಮ್ರದ ಕೊಡ ಕಳುವಾದರೂ ಜನ ಮೊದಲು ನಮ್ಮ ಬಾಗಿಲ ಕಡೆ ನೋಡುತ್ತಿದ್ದರು. ನಾವು ಯಾವ ಜನ ಎಂಬುದು ಎಲ್ಲರಿಗೂ ಗೊತ್ತಿತ್ತಲ್ಲ. ಅಪ್ಪ ಆ ನೋಟಕ್ಕೆ ಎಂದೂ ಎದುರು ಮಾತಾಡಲಿಲ್ಲ. ನಮ್ಮನ್ನು ಓದಿಸಿದರು. ಮುಂದೆ ಬುದ್ಧವಂದನೆ ಮಾಡುವ ಮನೆ ನಮ್ಮದಾಯಿತು. ಕೊಡದೆ ಇರುವುದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಪಂಚಶೀಲದ ಸಾಲನ್ನು ನಾನು ದಿನಾ ಮುಂಜಾನೆ ಹೇಳುತ್ತೇನೆ. ಬ್ಯಾಂಕಿಗೆ ಹೋಗಿಬಂದ ಮರುದಿನ ಆ ಸಾಲು ನನ್ನ ಬಾಯಿಂದ ಹೊರಡಲಿಲ್ಲ. ಇವರು ಹಿಂದೆ ಕೂತಿದ್ದರು. ಕೆಮ್ಮಿದಂತೆ ಮಾಡಿ ಮುಂದಿನ ಸಾಲು ಹೇಳಿದೆ.

ಇವರಿಗೆ ಹೇಳಲಿಲ್ಲ. ಹೇಗೆ ಹೇಳಲಿ? ಫೋನ್ ಕೆಟ್ಟಿದೆ ಎಂದೆ. ಸಂತೆಗೆ ಬೇಕು ಎಂದು ಇವರ ಎಟಿಎಂ ಕಾರ್ಡು ಇಸಿದುಕೊಂಡೆ. ಅಡುಗೆ ಮನೆಯಲ್ಲಿ ಫೋನು ನಡುಗಿದರೆ ನನ್ನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಡಿಯುತ್ತಿತ್ತು. ರೊಟ್ಟಿ ಬಡಿಯುವಾಗ ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದಾದರೆ ಪೊಲೀಸರೇ ಬಂದರು ಎಂದು ಕಿಟಕಿಗೆ ಹೋಗಿ ನೋಡುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು. "ಇತ್ತಿತ್ಲಾಗ ರೊಟ್ಟಿ ಯಾಕ ಹಿಂಗ ಕರ್ರಗ?" ಎಂದು ಇವರು ನಗುತ್ತ ಕೇಳಿದರೆ ನಾನು ಹಿಟ್ಟಿನ ಮೇಲೆ ತಪ್ಪು ಹಾಕುತ್ತಿದ್ದೆ.

ಹಿಂದಿಯವನ ನಂಬರನ್ನು ಬ್ಲಾಕಿನಿಂದ ತೆಗೆದು ಒಂದು ಸಲ ಫೋನ್ ಮಾಡಿಯೂ ನೋಡಿದೆ. ಯಾರೂ ಎತ್ತಲಿಲ್ಲ.

ಹೀಗಿರುವಾಗ ಇನ್ನೊಂದು ಫೋನು ಬಂತು. ಈ ಸಲ ಕನ್ನಡ, ಅದೂ ನಮ್ಮ ಧಾರವಾಡ ಸೀಮೆಯ ಮೆತ್ತಗಿನ ಕನ್ನಡ.

"ನಮಸ್ಕಾರ್ರಿ ಟೀಚರ್. ಸೈಬರ್ ಠಾಣೆಯಿಂದ ಮಾತಾಡಾಕತ್ತೇನ್ರಿ. ನಿಮ್ಮ ಖಾತೆ ಬಂದ್ ಆಗೇತಲ್ಲ, ಆ ಫೈಲ್ ನನ್ನ ಟೇಬಲ್ ಮ್ಯಾಲ ಐತಿ."

ನನ್ನ ಹೆಸರು ಹೇಳಿದ. ಬ್ಯಾಂಕಿನ ಶಾಖೆ ಹೇಳಿದ. ಶಾಲೆ ಹೇಳಿದ. ಕೊನೆಗೆ, "ಸಾಹೇಬ್ರಿಗೆ ಸ್ಟೆಂಟ್ ಹಾಕ್ಯಾರಲ್ರಿ, ಈಗ ಆರಾಮದಾರೇನ್ರಿ?" ಎಂದ. ಇಷ್ಟೆಲ್ಲ ಗೊತ್ತಿರುವವನು ಪೊಲೀಸನಲ್ಲದೆ ಇನ್ನಾರು ಎಂದುಕೊಂಡೆ. ಸರ್ ಎಂದು ಕರೆದೆ. ಒಂದು ಮಾತಿಗೆ ಎರಡು ಸಲ ಸರ್ ಎಂದೆ.

"ನೋಡ್ರಿ, ನೀವು ಒಳ್ಳೆ ಮಂದಿ ಅಂತ ನನಗ ಗೊತ್ತೈತಿ. ಕೇಸ್ ಆಗೂಕಿಂತ ಮೊದಲ ಮುಗಿಸಿಬಿಡೂಣು. ಅಲ್ಲಿಯವರಿಗೆ ಸ್ವಲ್ಪ ತುಂಬಬೇಕಾಗತೈತಿ. ನಿಮ್ಮ ಖಾತೆ ನಡಿಯೂದಿಲ್ಲ, ಸಾಹೇಬ್ರ ಫೋನಿನಿಂದ ಹಾಕ್ರಿ. ಯಾರ ಮುಂದೂ ಹೇಳಬ್ಯಾಡ್ರಿ. ಹೇಳಿದ್ರ ಸಾಲಿಗೆ ಪತ್ರ ಬರತೈತಿ, ಆಮ್ಯಾಲ ನನ್ನ ಕೈಯಾಗ ಏನೂ ಇರೂದಿಲ್ಲ."

"ಆಗಲಿ ಸರ್. ಒಂದೆರಡ ದಿನ ಟೈಮ್ ಕೊಡ್ರಿ ಸರ್."

ಅವನು ದಿನಾ ಫೋನ್ ಮಾಡತೊಡಗಿದ. ಎಂದೂ ಗದರಲಿಲ್ಲ. ಅಣ್ಣನ ಹಾಗೆ ಮಾತಾಡುತ್ತಿದ್ದ. ಅದರಿಂದಲೇ ನನಗೆ ಹೆಚ್ಚು ಭಯವಾಗುತ್ತಿತ್ತು. ತರಗತಿಯಲ್ಲಿ ನಕಾಶೆ ಹಿಡಿದು ನಿಂತಾಗ ಸೀರೆಯ ಮಡಿಕೆಯ ಹತ್ತಿರ ಇಟ್ಟಿದ್ದ ಫೋನು ನಡುಗಿದರೆ, ಮಕ್ಕಳ ಮುಖ ಮಸುಕಾಗಿ ಕಾಣುತ್ತಿತ್ತು.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ. ಇವರು ಉಂಡು ಮಂಚದ ಮೇಲೆ ಮಲಗಿದ್ದರು. ಫ್ಯಾನು ತಿರುಗುತ್ತಿತ್ತು. ನಾನು ದಿಂಬಿನ ಪಕ್ಕದಿಂದ ಇವರ ಫೋನು ತೆಗೆದುಕೊಂಡೆ. ಇವತ್ತು ಹಾಕದಿದ್ದರೆ ನಾಳೆ ಶಾಲೆಗೆ ಪತ್ರ ಎಂದು ಅವನು ಹೇಳಿದ್ದ. ಫೋನು ಬೆರಳು ಕೇಳಿತು. ಇವರ ಬಲಗೈ ಎದೆಯ ಮೇಲಿತ್ತು. ಆ ಕೈಯನ್ನು ಮೆಲ್ಲಗೆ ಎತ್ತಿದೆ. ಸ್ಟೆಂಟ್ ಹಾಕಲು ನಳಿಕೆ ತೂರಿಸಿದ ಮಣಿಕಟ್ಟಿನ ಜಾಗದಲ್ಲಿ ಕಂದು ಕಲೆ ಇನ್ನೂ ಮಾಸಿರಲಿಲ್ಲ. ಹೆಬ್ಬೆರಳನ್ನು ಫೋನಿಗೆ ತಾಗಿಸಿದೆ. ಪರದೆ ತೆರೆಯಿತು.

ಆಗ ಇವರ ಬೆರಳುಗಳು ನನ್ನ ಕೈಯನ್ನು ಹಿಡಿದವು.

"ಏನ ಮಾಡಾಕತ್ತೀ?"

ಹಲ್ಲು ಕಟಕಟ ಎಂದವು. ಇವರು ಎದ್ದು ಕೂತರು.

"ಯಾಕ ನಡಗಾಕತ್ತೀ? ಜ್ವರ ಬಂದಾವೇನ?"

"ನೀವು ಗಾಬರಿ ಆಗಬಾರದು, ಆಣಿ ಮಾಡ್ರಿ" ಎಂದೆ.

"ನಿನ್ನ ಮಾರಿ ನೋಡಿನಽ ಗಾಬರಿ ಆಗೇತಿ. ಹೇಳು."

ಹೇಳಿದೆ. ಬೆಂಚಿನಿಂದ ಹಿಡಿದು ಆ ದಿನ ಮುಂಜಾನೆಯ ಫೋನಿನವರೆಗೆ ಎಲ್ಲ. ಹೇಳುತ್ತ ಇವರ ಮುಖ ನೋಡಲಿಲ್ಲ. ಬನಿಯನ್ ಕೆಳಗೆ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಒಮ್ಮೆ ಇವರು ದೀರ್ಘವಾಗಿ ಉಸಿರು ತೆಗೆದುಕೊಂಡಾಗ ನನ್ನ ಕೈ ನಾಲಿಗೆಯ ಕೆಳಗಿಡುವ ಗುಳಿಗೆಯ ಡಬ್ಬಿಗೆ ಹೋಯಿತು.

ಇವರು ನೀರು ಕೇಳಿದರು. ಕುಡಿದರು. ಲೋಟ ಕೆಳಗಿಟ್ಟು, "ಶರ್ಟ್ ಕೊಡು. ಠಾಣೆಗೆ ಹೋಗೂಣು" ಎಂದರು.

"ಯಾರ ಮುಂದೂ ಹೇಳಬಾರದಂತ ಅವರು..."

"ಅವರು ಅಂದ್ರ ಯಾರು? ಅವನ ಮಾರಿ ನೋಡೀಯೇನ? ಹೇಳಬ್ಯಾಡ ಅಂದಾನ ಅಂದ್ರ ಹೇಳಬೇಕು ಅಂತನಽ ಅರ್ಥ."

ಆಟೊದಲ್ಲಿ ಇವರ ಹಣೆಯ ಮೇಲೆ ಬೆವರಿನ ಹನಿಗಳು ಕಂಡವು. ನಾನು ಡ್ರೈವರನಿಗೆ ದವಾಖಾನೆಗೆ ತಿರುಗಿಸು ಎಂದೆ. "ಬ್ಯಾಡ್ರಿ, ಬಿಸಲಿಗೆ ಬೆವರ್ತೇತಿ, ನೆಟ್ಟಗ ನಡೀರಿ" ಎಂದರು ಇವರು. ನಾನು ತಿರುಗಿಸು ಎಂದು, ಇವರು ಬೇಡವೆಂದು. ಡ್ರೈವರ್ ಗಾಡಿ ಬದಿಗೆ ನಿಲ್ಲಿಸಿ ನಮ್ಮಿಬ್ಬರನ್ನೂ ಕನ್ನಡಿಯಲ್ಲಿ ನೋಡಿದ. ನಾನು ಇವರ ಎದೆಯ ಮೇಲೆ ಕೈಯಿಟ್ಟೆ. ಬಡಿತ ಒಂದೇ ಸಮನಾಗಿತ್ತು. ನನ್ನದೇ ದಿಕ್ಕೆಟ್ಟು ಬಡಿಯುತ್ತಿತ್ತು.

ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಹೆಣ್ಣುಮಗಳು. ನನಗಿಂತ ತುಂಬ ಚಿಕ್ಕವರು. ಬಾಗಿಲಲ್ಲಿ ನಿಂತ ನನಗೆ ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ. ಕಾಲಿಟ್ಟರೆ ಹೊರಗೆ ಬಿಡುವುದಿಲ್ಲವೇನೋ ಎನಿಸಿತ್ತು. ಅವರೇ ಎದ್ದು ಬಂದು ಇವರನ್ನು ಫ್ಯಾನಿನ ಕೆಳಗೆ ಕೂರಿಸಿದರು. ಎಲ್ಲ ಕೇಳಿಕೊಂಡರು. ನನ್ನ ಫೋನು ಇಸಿದುಕೊಂಡು ಎರಡೂ ನಂಬರು ನೋಡಿದರು. ಮೊದಲನೆಯದಕ್ಕೆ ತಮ್ಮ ಮೇಜಿನ ಫೋನಿನಿಂದ ಮಾತಾಡಿ, ಯಾರನ್ನೋ ಕೇಳಿ, ಇನ್ಯಾರನ್ನೋ ಕೇಳಿ ತಿರುಗಿದರು.

"ಟೀಚರ್, ಆ ಹಿಂದಿಯಾಂವ ಖರೇ ಪೊಲೀಸ್ ಇದ್ದಾನ್ರಿ. ನಿಮ್ಮನ್ನ ಕೇಳಾಕಂತನಽ ಫೋನ್ ಮಾಡಿದ್ದ. ನೀವು ಕಟ್ ಮಾಡಿ ಬ್ಲಾಕ್ ಮಾಡಿದ್ರಿ. ಅದಕ್ಕ ಅವರಿಗೆ ನಿಮ್ಮ ಮ್ಯಾಲ ಸಂಶಯ ಜಾಸ್ತಿ ಆತು."

"ಮತ್ತ ಈ ಕನ್ನಡದವರು?"

"ಇಂವ ಸುಳ್ಳ. ನಮ್ಮ ಠಾಣ್ಯಾಗ ಇಂಥ ನಂಬರ್ ಇಲ್ಲ."

ನನಗೆ ಅವಮಾನಕ್ಕಿಂತ ಹೆಚ್ಚಾಗಿ ಭಯವೇ ಆಯಿತು. ಖರೇ ಫೋನನ್ನು ಸುಳ್ಳೆಂದು ಕಟ್ ಮಾಡಿದ್ದೆ. ಸುಳ್ಳು ಫೋನಿಗೆ ದಿನಾ ಸರ್ ಎಂದಿದ್ದೆ. ಮಕ್ಕಳಿಗೆ ನಾನು ಹೇಳಿಕೊಟ್ಟದ್ದೂ ತಪ್ಪಲ್ಲ. ಹಾಗಾದರೆ ಏನು ಮಾಡಬೇಕಿತ್ತು?

"ಖರೇ ಯಾವುದು, ಸುಳ್ಳ ಯಾವುದು, ನನಗ ಹೆಂಗ ಗೊತ್ತಾಗಬೇಕ್ರಿ?" ಎಂದು ಕೇಳಿಯೇಬಿಟ್ಟೆ.

ಅವರು ನನ್ನ ಫೋನನ್ನು ನನ್ನ ಕಡೆ ಸರಿಸಿದರು. "ಫೋನಿನ್ಯಾಗ ಗೊತ್ತಾಗೂದಿಲ್ರಿ. ಎದ್ದು ಠಾಣೆಗೆ ಬಂದು ಕೇಳಬೇಕು, ಅಷ್ಟಽ. ನನ್ನ ಹೆಸರ ಹೇಳಿ ಫೋನ್ ಮಾಡಿದ್ರೂ ನಂಬಬ್ಯಾಡ ಅಂತ ನಮ್ಮ ಅವ್ವಗ ಹೇಳೇನಿ."

"ಮತ್ತ ಅವಗ ನಮ್ಮ ಮನೆಯವರ ಸ್ಟೆಂಟಿನ ಸುದ್ದಿ ಹೆಂಗ ಗೊತ್ತು?"

"ಯಾರ ಹೇಳ್ಯಾರೋ. ಎಲ್ಲಾ ಕಡೆ ನಮ್ಮ ನಂಬರ್, ನಮ್ಮ ಕಾಗದ ಕೊಟ್ಟಿರ್ತೇವಲ್ರಿ."

ಅದು ಕೊನೆಗೂ ಗೊತ್ತಾಗಲಿಲ್ಲ. ಆ ನಂಬರು ಅಂದೇ ಬಂದಾಯಿತು. ಬೆಂಚಿನ ಮೇಲಿದ್ದವನ ಬಗ್ಗೆಯೂ ಅಷ್ಟೇ. ಹಣ ಯಾವ ಖಾತೆಯಿಂದ ನನಗೆ ಬಂದಿತ್ತೋ ಆ ಖಾತೆಯವನ ಫೋಟೊ ತೋರಿಸಿದರು. ಬೇರೆ ಯಾರೋ, ಸಣಕಲ ಯುವಕ. ತನ್ನ ಖಾತೆಯನ್ನು ಬಾಡಿಗೆಗೆ ಕೊಟ್ಟಿದ್ದನಂತೆ. ಖಾತೆಯನ್ನೂ ಮನೆಯ ಹಾಗೆ ಬಾಡಿಗೆಗೆ ಕೊಡುತ್ತಾರೆ ಎಂದು ನಾನು ಅಂದೇ ಮೊದಲ ಸಲ ಕೇಳಿದ್ದು. ಇಷ್ಟು ದಿನಗಳ ಮೇಲೆ ಬೆಂಚಿನ ಹತ್ತಿರದ ಕ್ಯಾಮೆರಾದಲ್ಲಿಯೂ ಏನೂ ಉಳಿದಿರುವುದಿಲ್ಲ ಎಂದರು. ಕಳ್ಳತನದ ಹಣ ಕೈಯಿಂದ ಕೈಗೆ ದಾಟಿ ನನ್ನ ಖಾತೆಗೆ ಬಂದು, ನನ್ನ ಬ್ಯಾಗಿನ ಒಳ್ಳೆಯ ನೋಟುಗಳಾಗಿ ಹೊರಟುಹೋಗಿತ್ತು.

"ಹಂಗಾರ ಕೂಸು?" ಎಂದೆ.

"ಕೂಸು ಇತ್ತೋ ಇಲ್ಲೋ, ನನಗೂ ಗೊತ್ತಿಲ್ಲ ಟೀಚರ್."

ಇನ್‌ಸ್ಪೆಕ್ಟರ್ ಆ ದೂರದ ಠಾಣೆಯ ಅಧಿಕಾರಿಯೊಡನೆ ನಮ್ಮನ್ನು ಮಾತಾಡಿಸಿದರು. ನನ್ನ ಹಿಂದಿ ಪರೀಕ್ಷೆಯ ಹಿಂದಿ, ಸಿಟ್ಟಿನ ಮನುಷ್ಯನ ಮುಂದೆ ನಡೆಯುವಂಥದ್ದಲ್ಲ. ಇವರದು ರೈಲ್ವೆ ಹಿಂದಿ. ಇಡೀ ದೇಶದ ಡ್ರೈವರುಗಳ ಜೊತೆ ವಾಕಿಟಾಕಿಯಲ್ಲಿ ಮಾತಾಡಿ ಕಲಿತದ್ದು. ಇವರು ಫೋನು ಹಿಡಿದು, ಗಾಡಿ ಎಲ್ಲಿ ನಿಂತಿದೆ ಎಂದು ಸ್ಟೇಶನ್ನಿಗೆ ವರದಿ ಒಪ್ಪಿಸುವ ದನಿಯಲ್ಲಿ, ಒಂದೊಂದಾಗಿ ನಡೆದದ್ದನ್ನು ಹೇಳಿದರು. ಆ ಅಧಿಕಾರಿ ಮೊದಲು ಗದರಿದ. ನೀವೇ ಇಲ್ಲಿಗೆ ಬನ್ನಿ ಎಂದ. ಇನ್‌ಸ್ಪೆಕ್ಟರ್ ನಡುವೆ ಬಾಯಿ ಹಾಕಿ, ಹೃದಯದ ರೋಗಿ, ಕಾಗದಗಳನ್ನು ನಾನು ಕಳಿಸುತ್ತೇನೆ ಎಂದರು.

ಆಗ ಅವನು, ದೂರು ಕೊಟ್ಟವರು ದಿನಾ ಬಂದು ಇಲ್ಲೇ ಕೂರುತ್ತಾರೆ, ಅವರಿಗೇ ಹೇಳಿ ಎಂದು ಫೋನು ಅವರ ಕೈಗೆ ಕೊಟ್ಟ.

ಹೆಂಗಸಿನ ದನಿ. ಗಂಡ ತೀರಿಕೊಂಡವಳು, ಮನೆಯಲ್ಲಿ ಅಡುಗೆ ಮಾಡಿ ಡಬ್ಬಿ ಕಳಿಸಿ ಬದುಕುವವಳು ಎಂದು ಆಮೇಲೆ ತಿಳಿಯಿತು. ಯಾರೋ ಬ್ಯಾಂಕಿನವರೆಂದು ನಂಬಿಸಿ ಆಕೆಯ ಖಾತೆಯನ್ನು ಬರಿದು ಮಾಡಿದ್ದರು. ಆಕೆ ಒಂದೇ ಸಮನೆ ಕೂಗುತ್ತಿದ್ದಳು. ಚೋರ್ ಎಂಬ ಶಬ್ದ ನನಗೂ ಅರ್ಥವಾಯಿತು. ಇವರು ಕೇಳುತ್ತ ಕೇಳುತ್ತ ನನಗೆ ಹೇಳುವುದನ್ನು ನಿಲ್ಲಿಸಿದರು.

"ಏನ ಅನ್ನಾಕತ್ತಾಳ್ರಿ?"

"ಏನಿಲ್ಲ ಬಿಡು."

"ಹೇಳ್ರಿ."

"ಆ ರೊಕ್ಕದ ಅನ್ನ ನಿಮಗ ದಕ್ಕೂದಿಲ್ಲ ಅಂತಾಳ."

ಬಾಡಿಗೆ ಮನೆಯ ಓಣಿಯಲ್ಲಿ ನಮ್ಮ ಬಾಗಿಲ ಕಡೆ ತಿರುಗುತ್ತಿದ್ದ ಕಣ್ಣುಗಳೆಲ್ಲ ಆ ದನಿಯಲ್ಲಿದ್ದವು. ಆದರೆ ಆಕೆ ನಮ್ಮ ಜಾತಿ ನೋಡಿ ಅಂದವಳಲ್ಲ. ಆಕೆಯ ಹಣ ನಿಜವಾಗಿಯೂ ನನ್ನ ಖಾತೆಯಲ್ಲಿತ್ತು. ಆಕೆಯ ಲೆಕ್ಕದಲ್ಲಿ ನಾನು ಕಳ್ಳಿಯೇ. ನಾನು ಫೋನು ಇಸಿದುಕೊಂಡೆ. ಬಂದಷ್ಟು ಹಿಂದಿಯಲ್ಲಿ, ಅಕ್ಕಾ, ನಿಮ್ಮ ರೊಕ್ಕ ನನಗೆ ಬೇಡ, ಪೂರ್ತಿ ತೆಗೆದುಕೊಳ್ಳಿ ಎಂದೆ. ಆಕೆ ಅಳತೊಡಗಿದಳು. ನಾನೂ ಅತ್ತೆ. ಇನ್‌ಸ್ಪೆಕ್ಟರ್ ಕಿಟಕಿಯ ಹೊರಗೆ ನೋಡುತ್ತ ಕೂತರು.

ಅಷ್ಟಕ್ಕೆ ಮುಗಿಯಲಿಲ್ಲ. ನನ್ನ ಹೇಳಿಕೆ, ಇವರನ್ನು ದವಾಖಾನೆಗೆ ಸೇರಿಸಿದ ಕಾಗದ, ಎಟಿಎಂನಿಂದ ನೋಟು ತೆಗೆದದ್ದಕ್ಕೆ ಬ್ಯಾಂಕಿನ ಆಧಾರ, ಎಲ್ಲ ಅಲ್ಲಿಗೆ ಹೋಯಿತು. ಆ ಹೆಂಗಸಿನ ಹಣವನ್ನು ಆಕೆಗೆ ಮರಳಿಸಲು ಅಲ್ಲಿನ ಕೋರ್ಟಿನ ಆದೇಶ ಬೇಕಾಯಿತು. ನಾನು ಕೊಟ್ಟ ನೋಟುಗಳು ಹೋದವು, ಅದರ ಮಾತು ಬಿಟ್ಟೆ. ವಾರಗಳು ಕಳೆದವು. ಅಂಚೆಯವನು ಶಾಲೆಯ ಗೇಟಿನಲ್ಲಿ ಕಂಡರೆ ನಾನು ಸ್ಟಾಫ್ ರೂಮಿನಿಂದ ಎದ್ದು ತರಗತಿಗೆ ಹೋಗಿಬಿಡುತ್ತಿದ್ದೆ. ಪತ್ರ ಬರಲಿಲ್ಲ. ಹೆಡ್‌ಮಾಸ್ಟರಿಗೆ ನಾನೇ ಹೋಗಿ ಹೇಳಿದೆ. ಅವರು ಎಲ್ಲ ಕೇಳಿ, ತಮ್ಮ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, "ನನಗೂ ಅಂಥದೊಂದು ಬಂದಿತ್ರಿ ಮೇಡಂ" ಎಂದಷ್ಟೇ ಹೇಳಿದರು.

ಒಂಬತ್ತನೆಯ ತರಗತಿಗೂ ಹೇಳಿದೆ. ಈ ಸಲ ಚಪ್ಪಾಳೆ ಇರಲಿಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಒಬ್ಬಳು ಹುಡುಗಿ ಎದ್ದು ನಿಂತು, "ಹಂಗಾರ ಯಾರರ ಖರೇನಽ ಕಷ್ಟದಾಗ ಇದ್ರ ಏನ ಮಾಡೂದ್ರಿ ಟೀಚರ್?" ಎಂದಳು. ಕೈಲಾದರೆ ಕೊಟ್ಟುಬಿಡು, ಅದಕ್ಕೆ ಬದಲಾಗಿ ಏನನ್ನೂ ಫೋನಿಗೆ ಹಾಕಿಸಿಕೊಳ್ಳಬೇಡ ಎಂದೆ. ಹೇಳಿದ ಮೇಲೆ, ಅಷ್ಟು ಕೊಡುವ ಶಕ್ತಿ ಈ ಹುಡುಗಿಗೆ ಎಲ್ಲಿಂದ ಬರಬೇಕು ಎನಿಸಿತು.

ಖಾತೆ ತೆರೆದ ದಿನ ಬ್ಯಾಂಕಿನ ಆ ಹುಡುಗಿಯೇ ಫೋನ್ ಮಾಡಿದಳು. ನಾನು ನಂಬದೆ ಬ್ಯಾಂಕಿಗೇ ಹೋದೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ನಕ್ಕು ಪರದೆ ತೋರಿಸಿದಳು. ಅಂದು ಬರುತ್ತ ಔಷಧಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದೆ. ಡಬ್ಬಿ ಗಟ್ಟಿಯಾಗಿ ಕೂಗಿತು. ನಾನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದೆ.

ಅದಾದ ಮೇಲೆ ಒಂದು ಸಂಜೆ ಆ ದೂರದ ಹೆಂಗಸಿನ ಫೋನು ಬಂತು. ಆಗ ಅದು ಯಾರದೆಂದು ಗೊತ್ತಿರಲಿಲ್ಲ, ಬರೀ ನಂಬರು. ನಾಲ್ಕಾರು ಸಲ ಬಡಿದುಕೊಂಡು ನಿಂತಿತು, ಮತ್ತೆ ಬಡಿಯತೊಡಗಿತು. ಇವರು ಎತ್ತು ಎಂದರು. ಸ್ಪೀಕರ್ ಹಾಕಿ ಎತ್ತಿದೆ.

ಹಣ ಬಂತು ಎಂದು ಆ ಕಡೆಯ ದನಿ ಹಿಂದಿಯಲ್ಲಿ ಹೇಳಿತು.

ಯಾವ ಹಣ ಎಂದು ನಾನು ಕೇಳಿದೆ. ಏನನ್ನೂ ಒಪ್ಪಿಕೊಳ್ಳಬಾರದು ಎಂದು ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು.

ನೀವು ಹುಬ್ಬಳ್ಳಿಯ ಆ ಟೀಚರ್ ಅಲ್ಲವೇ ಎಂದಳು. ಹೌದು ಎನ್ನಲು ನನಗೆ ಆಗಲಿಲ್ಲ. ಹೌದು ಎಂದರೆ ಏನಾಗುತ್ತದೋ, ಯಾರು ಅದನ್ನು ಎಲ್ಲಿ ಬಳಸಿಕೊಳ್ಳುತ್ತಾರೋ. ನೀವು ಅವರೇ ಎಂದು ನನಗೆ ಹೇಗೆ ಗೊತ್ತಾಗಬೇಕು ಎಂದೆ.

ಆಕೆ ನಕ್ಕಳೋ, ನಿಟ್ಟುಸಿರಿಟ್ಟಳೋ. ನನಗೂ ಅದೇ ಭಯ, ಈ ನಂಬರಿಗೆ ಮಾಡಬೇಡ ಎಂದು ಮೈದುನ ಬೈಯುತ್ತಿದ್ದಾನೆ ಎಂದಳು. ಇಬ್ಬರ ಉಸಿರೂ ಸ್ಪೀಕರಿನಲ್ಲಿ ಕೇಳುತ್ತಿತ್ತು. ಅಂದು ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಅಂದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿ ಆಕೆ ಗಡಿಬಿಡಿಯಲ್ಲಿ ಫೋನು ಇಟ್ಟಳು.

"ಆಕೀನಽ ಅದು" ಎಂದರು ಇವರು.

"ಇರಬಹುದು" ಎಂದೆ.

ಆಕೆಯೇ ಎಂದು ಈಗ ನನಗೂ ಅನಿಸುತ್ತದೆ. ಒಂದು ಒಳ್ಳೆಯ ಮಾತಾದರೂ ಆಡಬಹುದಿತ್ತು. ಆ ನಂಬರನ್ನು ಉಳಿಸಿಕೊಳ್ಳಲೂ ಇಲ್ಲ, ಅಳಿಸಲೂ ಇಲ್ಲ.